ಹೊಡೆತ ಇಳಿಯಿತು, ನಿಗಾ ಏರಿತು: ಮೂರು ತಲೆಮಾರುಗಳಲ್ಲಿ ಮಕ್ಕಳ ಪಾಲನೆ

2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಒಂದನೇ ತರಗತಿಗೆ ಸೇರುವ ಮಗುವಿಗೆ ಆರು ವರ್ಷ ತುಂಬಿರಲೇಬೇಕೆಂಬ ನಿಯಮವನ್ನು ಆ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಸಡಿಲಿಸಿ, ಐದು ವರ್ಷ ಐದು ತಿಂಗಳು ತುಂಬಿದವರನ್ನೂ ಸೇರಿಸಿಕೊಳ್ಳಬಹುದೆಂದು ಪ್ರಕಟಿಸಿತು. ನಿಯಮವೇನೂ ರಾತ್ರೋರಾತ್ರಿ ಬಂದದ್ದಲ್ಲ. 2022ರಲ್ಲೇ ಆದೇಶವಾಗಿ, ಪಾಲಕರಿಗೆ ಅವಕಾಶ ಸಿಗಲೆಂದು 2025-26ರಿಂದ ಜಾರಿ ಎಂದು ಮುಂದಕ್ಕೆ ಹಾಕಲಾಗಿತ್ತು. ಆದರೂ ಯುಕೆಜಿ ಮುಗಿಸಿದ ಮಗು ಕೆಲವೇ ವಾರಗಳ ಕೊರತೆಯಿಂದ ಒಂದು ವರ್ಷವನ್ನು ಕಳೆದುಕೊಳ್ಳುತ್ತದೆ ಎಂಬ ಪಾಲಕರ ಆತಂಕದ ಮುಂದೆ ಸರ್ಕಾರ ಮಣಿಯಬೇಕಾಯಿತು. ಇದೇ ನಾಡಿನಲ್ಲಿ ಎರಡು ತಲೆಮಾರಿನ ಹಿಂದೆ ಹಳ್ಳಿ ಶಾಲೆಯ ಹೆಡ್‌ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೆಯೇ ಎಂದು ನೋಡುತ್ತಿದ್ದರು. ಮುಟ್ಟಿದರೆ ಸೇರಿಸಿಕೊಂಡು, ಹುಟ್ಟಿದ ದಿನದ ಜಾಗದಲ್ಲಿ ಅಂದಾಜಿನ ತಾರೀಖೊಂದನ್ನು ಬರೆಯುತ್ತಿದ್ದರು. ಇಂದು ಎಪ್ಪತ್ತರ ಆಸುಪಾಸಿನಲ್ಲಿರುವ ಎಷ್ಟೋ ಜನರ ದಾಖಲೆಗಳಲ್ಲಿ ಜೂನ್ 1 ಎಂಬ ಒಂದೇ ಜನ್ಮದಿನ ಕಾಣುವುದಕ್ಕೆ ಕಾರಣ ಇದೇ. ಮಗು ಹುಟ್ಟಿದ ದಿನವೇ ನೆನಪಿರದ ಮನೆಗಳಿಂದ, ಮಗುವಿನ ವಯಸ್ಸಿನ ಒಂದು ತಿಂಗಳನ್ನೂ ಬಿಟ್ಟುಕೊಡದ ಮನೆಗಳವರೆಗೆ ನಾವು ಸಾಗಿಬಂದ ದಾರಿಯಲ್ಲಿ ಪಾಲನೆಯ ಅರ್ಥವೇ ಬದಲಾಗಿದೆ.

ಈ ಬದಲಾವಣೆಯನ್ನು ಕುರಿತ ಮಾತು ಸಾಮಾನ್ಯವಾಗಿ ಎರಡು ದೂರುಗಳಲ್ಲಿ ಮುಗಿದುಹೋಗುತ್ತದೆ. ಈಗಿನವರು ಮಕ್ಕಳನ್ನು ಮುದ್ದಿನಿಂದ ಕೆಡಿಸಿದರು ಎಂಬುದು ಹಿರಿಯರದು. ಹಿಂದಿನವರು ಹೊಡೆದು ಬಡಿದು ಬೆಳೆಸಿದ್ದರಿಂದ ನಮ್ಮ ಮನಸ್ಸು ಮುರುಟಿತು ಎಂಬುದು ಕಿರಿಯರದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಬಿಗಿಯಿಂದ ಸಡಿಲಕ್ಕೆ, ಕಟ್ಟುನಿಟ್ಟಿನಿಂದ ಸ್ನೇಹಕ್ಕೆ ಪಾಲನೆ ಸರಿಯಿತು ಎಂಬ ಎರಡೂ ಕಡೆಯವರು ಒಪ್ಪುವ ಚಿತ್ರ ಮಾತ್ರ ನನಗೆ ಅಷ್ಟು ಸರಿ ಎನಿಸುವುದಿಲ್ಲ. ಶಿಕ್ಷೆ ಕಡಿಮೆಯಾಗಿರುವುದು ನಿಜ, ಹಿಡಿತ ಕಡಿಮೆಯಾಗಿಲ್ಲ. ಮನೆತುಂಬ ಹಂಚಿಹೋಗಿದ್ದ ಜವಾಬ್ದಾರಿ ಇಬ್ಬರ ಮೇಲೆ, ಬಹುಪಾಲು ಒಬ್ಬಳ ಮೇಲೆ ಬಂದು ಕುಳಿತಿದೆ. ವಿಧೇಯತೆಯನ್ನು ಕೇಳುತ್ತಿದ್ದ ಅಧಿಕಾರ ಈಗ ಫಲಿತಾಂಶವನ್ನು ಕೇಳುತ್ತಿದೆ. ಇದಕ್ಕೆ ಪಾಲಕರ ಸ್ವಭಾವಕ್ಕಿಂತ ಮಿಗಿಲಾಗಿ ಜನಸಂಖ್ಯೆ, ಜಮೀನು, ಉದ್ಯೋಗ ಮತ್ತು ಶಾಲೆಯ ಲೆಕ್ಕಗಳೇ ಕಾರಣ.

ಮೊದಲನೆಯ ಲೆಕ್ಕ ಸಾವಿನದು. 1971ರಲ್ಲಿ ಭಾರತದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ಮೊದಲ ಹುಟ್ಟುಹಬ್ಬ ಕಾಣದೆ ತೀರಿಕೊಳ್ಳುತ್ತಿದ್ದವು; 2020ರ ಹೊತ್ತಿಗೆ ಈ ಸಂಖ್ಯೆ 28ಕ್ಕೆ ಇಳಿಯಿತು, ಕರ್ನಾಟಕದಲ್ಲಿ 19ಕ್ಕೆ. ಎಂಟು ಹೆತ್ತು ಐದು ಉಳಿದವು ಎಂದು ಅಜ್ಜಿಯರು ಲೆಕ್ಕ ಹೇಳುವ ಧಾಟಿಯಲ್ಲಿ ಕಾಣುವ ನಿರ್ಲಿಪ್ತತೆಯನ್ನು ನಾವು ಪ್ರೀತಿಯ ಕೊರತೆ ಎಂದು ಓದಬಾರದು. ಯಾವ ಮಗು ಉಳಿಯುತ್ತದೆಂದು ಗೊತ್ತಿಲ್ಲದಿದ್ದಾಗ ಒಂದೇ ಮಗುವಿನ ಮೇಲೆ ಎಲ್ಲವನ್ನೂ ಪಣವಿಡಲು ಯಾರಿಂದಲೂ ಆಗದು. ಎರಡನೆಯ ಲೆಕ್ಕ ಹುಟ್ಟಿನದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತಿನಲ್ಲಿ, ಅಂದರೆ 1992-93ರಲ್ಲಿ, ಭಾರತದ ಒಟ್ಟು ಫಲವತ್ತತೆ ದರ ಮಹಿಳೆಗೆ 3.4 ಮಕ್ಕಳಿದ್ದುದು 2019-21ರ ಸುತ್ತಿನಲ್ಲಿ 2.0ಕ್ಕೆ ಬಂತು, ಕರ್ನಾಟಕದಲ್ಲಿ 1.7ಕ್ಕೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂಬ ಗಾದೆಯ ಮಾತಿನಲ್ಲಿ ಬದುಕು ಸಾಗಿಸಿದವರ ಮೊಮ್ಮಕ್ಕಳು, ಒಂದು ಮಗುವನ್ನು ಹೆರುವ ಮೊದಲೇ ಶಾಲೆಯ ಶುಲ್ಕವನ್ನು ಲೆಕ್ಕಹಾಕಿ, ಎರಡನೆಯದು ಬೇಡ ಎಂಬ ತೀರ್ಮಾನಕ್ಕೆ ಬರುತ್ತಿದ್ದಾರೆ.

ಈ ತಿರುವು ಹೇಗೆ ಬರುತ್ತದೆ ಎಂಬುದನ್ನು ವಿವರಿಸಿದವರಲ್ಲಿ ಆಸ್ಟ್ರೇಲಿಯಾದ ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್ ಪ್ರಮುಖರು. ಹಳೆಯ ರೈತಾಪಿ ಸಮಾಜದಲ್ಲಿ ಸಂಪತ್ತು ಮಕ್ಕಳಿಂದ ಹಿರಿಯರ ಕಡೆಗೆ ಹರಿಯುತ್ತದೆ, ಆದ್ದರಿಂದ ಹೆಚ್ಚು ಮಕ್ಕಳಿರುವುದು ಲಾಭ. ಈ ಹರಿವು ತಿರುಗಿ ತಂದೆತಾಯಿಯಿಂದ ಮಕ್ಕಳ ಕಡೆಗೆ ಹರಿಯತೊಡಗಿದಾಗ ಮಕ್ಕಳ ಸಂಖ್ಯೆ ಕುಸಿಯುತ್ತದೆ ಎಂಬುದು ಅವರು 1976ರಲ್ಲಿ ಮುಂದಿಟ್ಟ ವಾದ. ಆಫ್ರಿಕದ ಅನುಭವದಿಂದ ಹುಟ್ಟಿದ ಈ ವಾದವನ್ನು ಹೊತ್ತು ಅವರು ಬಂದದ್ದು ನಮ್ಮ ದಕ್ಷಿಣ ಕರ್ನಾಟಕದ ಹಳ್ಳಿಗಳಿಗೆ. ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅವರೊಂದಿಗೆ ಎಂಬತ್ತರ ದಶಕದ ಆರಂಭದ ವರ್ಷಗಳಲ್ಲಿ ಅವರು ಪ್ರಕಟಿಸಿದ ಅಧ್ಯಯನಗಳು ಇಲ್ಲಿನ ಮನೆಗಳಲ್ಲಿ ನಡೆಯುತ್ತಿದ್ದ ಪಲ್ಲಟವನ್ನು ಹತ್ತಿರದಿಂದ ಹಿಡಿದಿವೆ. ಜಮೀನು ಹಿಸ್ಸೆಯಾಗಿ ಸಣ್ಣದಾಗುತ್ತಿತ್ತು. ಮಗನೊಬ್ಬ ಓದಿ ಪಟ್ಟಣದಲ್ಲಿ ಸಂಬಳದ ಕೆಲಸ ಹಿಡಿದರೆ ಬರಗಾಲದಲ್ಲೂ ಮನೆ ನಿಲ್ಲುತ್ತದೆ ಎಂಬುದು ರೈತರಿಗೆ ಕಂಡಿತ್ತು. ಓದಿಸಬೇಕಾದರೆ ಮಗು ದನ ಕಾಯುವುದನ್ನು ಬಿಡಬೇಕಿತ್ತು, ಬಟ್ಟೆ ಪುಸ್ತಕಕ್ಕೆ ದುಡ್ಡು ಬೇಕಿತ್ತು. ಮಗುವಿಗೆ ಕಾಯಿಲೆಯಾದಾಗ ಏನು ಮಾಡಬೇಕೆಂಬ ತೀರ್ಮಾನ ಅತ್ತೆಯ ಕೈಯಿಂದ ನಾಲ್ಕಕ್ಷರ ಕಲಿತ ಸೊಸೆಯ ಕೈಗೆ ಜಾರುತ್ತಿರುವುದನ್ನೂ ಅವರು ಗುರುತಿಸಿದರು. ಪಾಲನೆಯ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ. ನಾವು ಇಂದು ನಗರದ ಫ್ಲ್ಯಾಟುಗಳಲ್ಲಿ ಕಾಣುವ, ಅಜ್ಜಿಯ ಮಾತಿಗೆ ಎದುರು ನುಡಿಯುವ ತಾಯಿ ಇಂಟರ್‌ನೆಟ್ ಕಾಲದಲ್ಲಿ ಏಕಾಏಕಿ ಹುಟ್ಟಿದವಳಲ್ಲ. ನಲವತ್ತು ವರ್ಷಗಳ ಹಿಂದೆ ಹಳ್ಳಿಯ ಮನೆಯ ಒಳಗೇ ಅವಳು ಮಾತನಾಡಲು ಶುರುಮಾಡಿದ್ದಳು.

ಹಿಂದೆ ಮಕ್ಕಳನ್ನು ಬೆಳೆಸುತ್ತಿದ್ದವರು ಯಾರು ಎಂಬ ಪ್ರಶ್ನೆಗೆ ಅವಿಭಕ್ತ ಕುಟುಂಬ ಎಂಬ ಉತ್ತರ ಸುಲಭವಾಗಿ ಬಂದುಬಿಡುತ್ತದೆ. ಇದನ್ನು ಸ್ವಲ್ಪ ತಡೆದು ನೋಡಬೇಕು. ಸಮಾಜಶಾಸ್ತ್ರಜ್ಞ ಎ. ಎಂ. ಷಾ ಅವರಂಥವರು ತೋರಿಸಿದಂತೆ, ಮೂರು ತಲೆಮಾರಿನವರು ಒಂದೇ ಒಲೆಯ ಅನ್ನ ಉಣ್ಣುವ ದೊಡ್ಡ ಮನೆ ಹಿಂದೆಯೂ ಎಲ್ಲರಿಗೂ ಇರಲಿಲ್ಲ. ಭೂಮಿ ಇದ್ದವರಲ್ಲಿ, ಮೇಲ್ಜಾತಿಗಳಲ್ಲಿ ಅದು ಹೆಚ್ಚು, ಕೂಲಿ ಮಾಡುವವರಲ್ಲಿ ಕಡಿಮೆ. ಆದರೆ ಬೇರೆ ಮನೆ ಮಾಡಿದವರೂ ಅದೇ ಬೀದಿಯಲ್ಲಿದ್ದರು, ಚಿಕ್ಕಪ್ಪ ದೊಡ್ಡಮ್ಮಂದಿರ ಅಂಗಳ ಕೂಗಳತೆಯಲ್ಲಿತ್ತು. ಮಗುವಿನ ಮೇಲೆ ಕಣ್ಣಿಡಲು ಒಬ್ಬರಲ್ಲ ಒಬ್ಬರು ಇರುತ್ತಿದ್ದರು, ಯಾರೊಬ್ಬರೂ ಇಡೀ ದಿನ ಕಣ್ಣಿಡುತ್ತಿರಲಿಲ್ಲ. ಈ ವ್ಯವಸ್ಥೆಯನ್ನು ಹಂಬಲಿಸಿ ಬರೆಯುವವರು ಅದರಲ್ಲಿ ದುಡಿದವರನ್ನು ಮರೆಯುತ್ತಾರೆ. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಓಡಾಡುತ್ತಿದ್ದ ಎಂಟು-ಹತ್ತು ವರ್ಷದ ಅಕ್ಕನೇ ಆ ಕಾಲದ ಡೇ ಕೇರ್. ಅವಳು ಶಾಲೆ ಬಿಟ್ಟದ್ದು ಅದಕ್ಕಾಗಿಯೇ. ಹೆಣ್ಣುಮಕ್ಕಳು ಶಾಲೆಯಲ್ಲಿ ಉಳಿಯತೊಡಗಿದಾಗ ಮನೆಯ ಮೊದಲ ದಾದಿ ಕೆಲಸ ಬಿಟ್ಟಂತಾಯಿತು, ಆ ಜಾಗವನ್ನು ತುಂಬುವುದು ಹೇಗೆ ಎಂದು ನಾವು ಇಂದಿಗೂ ಸರಿಯಾಗಿ ಯೋಚಿಸಿಲ್ಲ.

ಅಪ್ಪಂದಿರ ವಿಷಯವೂ ಹೀಗೆಯೇ ಎರಡು ಬಗೆಯಾಗಿದೆ. ಅರವತ್ತು-ಎಪ್ಪತ್ತರ ದಶಕದ ಎಷ್ಟೋ ಮನೆಗಳಲ್ಲಿ ಹಿರಿಯರ ಎದುರಿಗೆ ತನ್ನ ಸ್ವಂತ ಮಗುವನ್ನು ಎತ್ತಿ ಮುದ್ದಾಡುವುದು ಗಂಡಸಿಗೆ ಸಲ್ಲದ ನಡತೆಯಾಗಿತ್ತು. ಅಣ್ಣನ ಮಗುವನ್ನು ಎತ್ತಿಕೊಳ್ಳಬಹುದಿತ್ತು, ತನ್ನದನ್ನು ಎತ್ತಿಕೊಂಡರೆ ಹೆಂಡತಿ ಮಕ್ಕಳ ಮೋಹದಲ್ಲಿ ಮನೆ ಮರೆತವನೆಂಬ ಮಾತು ಬರುತ್ತಿತ್ತು. ತಂದೆಯ ಪ್ರೀತಿ ತಾಯಿಯ ಬಾಯಿಂದ ಮಕ್ಕಳಿಗೆ ತಲುಪುವ ಸುದ್ದಿಯಾಗಿತ್ತು. ಇಂದು ಮಗುವನ್ನು ಎದೆಗೆ ಕಟ್ಟಿಕೊಂಡು ಮಾಲ್‌ನಲ್ಲಿ ತಿರುಗುವ, ಪೇರೆಂಟ್ಸ್ ಮೀಟಿಂಗಿಗೆ ರಜೆ ಹಾಕಿ ಬರುವ ತಂದೆಯನ್ನು ಕಂಡಾಗ ಕ್ರಾಂತಿಯೇ ಆದಂತೆ ತೋರುತ್ತದೆ. ಆದರೆ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಬೇರೆಯದನ್ನೇ ಹೇಳುತ್ತದೆ: 15ರಿಂದ 59 ವಯಸ್ಸಿನ ಮಹಿಳೆಯರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಪುರುಷರಲ್ಲಿ ಶೇ. 21.4ರಷ್ಟು ಮಾತ್ರ, ತೊಡಗಿದವರಲ್ಲೂ ಮಹಿಳೆ ದಿನಕ್ಕೆ ಸುಮಾರು 140 ನಿಮಿಷ, ಪುರುಷ 74 ನಿಮಿಷ. ಅಪ್ಪ ಮಗುವಿನ ಜೊತೆ ಆಡಲು ಬಂದಿದ್ದಾನೆ, ಡಬ್ಬಿ ಕಟ್ಟಲು, ಜ್ವರ ಬಂದ ರಾತ್ರಿ ಎದ್ದು ಕೂರಲು ಇನ್ನೂ ಪೂರ್ತಿ ಬಂದಿಲ್ಲ. ಕಾನೂನಿಗೂ ಅವನು ಬರುವ ನಿರೀಕ್ಷೆ ಇದ್ದಂತಿಲ್ಲ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು ಮೊದಲ ಎರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿಸಿತು, ತಂದೆಗೆಂದು ಒಂದು ದಿನವನ್ನೂ ಸೇರಿಸಲಿಲ್ಲ. ಕೇಂದ್ರ ಸರ್ಕಾರಿ ನೌಕರ ತಂದೆಗೆ ಸಿಗುವುದು 15 ದಿನ.

ಇನ್ನು ಹೊಡೆತ. ಮಕ್ಕಳನ್ನು ಐದು ವರ್ಷ ಲಾಲಿಸಬೇಕು, ಮುಂದಿನ ಹತ್ತು ವರ್ಷ ದಂಡಿಸಬೇಕು, ಹದಿನಾರಕ್ಕೆ ಕಾಲಿಟ್ಟ ಮೇಲೆ ಮಿತ್ರನಂತೆ ಕಾಣಬೇಕು ಎಂಬ ಸುಭಾಷಿತವನ್ನು ಇಂದಿಗೂ ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಕೇಳುತ್ತೇವೆ. ಹಳೆಯ ಕೂಲಿಮಠಗಳಲ್ಲಿ ಹುಡುಗನನ್ನು ಜಂತೆಗೆ ಕಟ್ಟಿದ ಹಗ್ಗಕ್ಕೆ ನೇತುಹಾಕುವ ಕೋದಂಡದ ಶಿಕ್ಷೆಯಿತ್ತು. ಚರ್ಮ ಸುಲಿದರೂ ಪರವಾಗಿಲ್ಲ, ವಿದ್ಯೆ ಕಲಿಸಿ ಎಂದು ಮಗನನ್ನು ಮೇಷ್ಟರಿಗೆ ಒಪ್ಪಿಸಿ ಬರುತ್ತಿದ್ದ ತಂದೆಯರು ನಮ್ಮ ಹಿಂದಿನ ತಲೆಮಾರಿನವರೆಗೂ ಇದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ಈ ಕಾಯ್ದೆ ಶಾಲೆಯ ಗೇಟಿನ ಬಳಿ ನಿಲ್ಲುತ್ತದೆ. ಮನೆಯೊಳಗಿನ ಏಟಿಗೆ ಸಂಬಂಧಿಸಿದಂತೆ 1860ರ ಭಾರತೀಯ ದಂಡ ಸಂಹಿತೆಯ 89ನೇ ಸೆಕ್ಷನ್, ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪಾಲಕರು ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ರಕ್ಷಣೆ ನೀಡಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದೇ ಮಾತನ್ನು 27ನೇ ಸೆಕ್ಷನ್ ಆಗಿ ಉಳಿಸಿಕೊಂಡಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಕ್ಕಳ ಮೇಲಿನ ಕ್ರೌರ್ಯವನ್ನು ಶಿಕ್ಷಾರ್ಹಗೊಳಿಸಿದೆ ನಿಜ, ಆದರೆ ಬುದ್ಧಿ ಕಲಿಸುವ ಏಟಿಗೂ ಕ್ರೌರ್ಯಕ್ಕೂ ನಡುವಿನ ಗೆರೆಯನ್ನು ಎಳೆಯುವವರು ಮನೆಯವರೇ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳಲ್ಲಿ ನಡೆದ ಅಧ್ಯಯನದಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದನ್ನು ಹೇಳಿಕೊಂಡಿದ್ದರು. ಕುಟುಂಬದೊಳಗೆ ಏಟು ತಿಂದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಗೆ ಹೊಡೆದವರು ತಂದೆತಾಯಿಯೇ.

ಆದ್ದರಿಂದ ಹೊಡೆತ ನಿಂತಿತು ಎನ್ನಲಾಗದು; ಹೊಡೆಯುವುದಕ್ಕಿದ್ದ ಗೌರವ ಹೋಯಿತು ಎನ್ನಬಹುದು. ಹಿಂದೆ ಮಗನಿಗೆ ಬಾರಿಸಿದ್ದನ್ನು ಜಗಲಿಯಲ್ಲಿ ಕುಳಿತು ಹೇಳಿಕೊಳ್ಳುತ್ತಿದ್ದವರ ಮಕ್ಕಳು, ಇಂದು ತಮ್ಮ ಮಗುವಿಗೆ ಒಂದು ಏಟು ಹಾಕಿದರೆ ರಾತ್ರಿಯೆಲ್ಲ ಪಶ್ಚಾತ್ತಾಪಪಡುತ್ತಾರೆ. ಈ ನಾಚಿಕೆ ನಿಜವಾದ ಸಾಧನೆ ಎಂದೇ ನಾನು ಎಣಿಸುತ್ತೇನೆ, ಏಟು ತಿಂದೇ ನಾವು ಮನುಷ್ಯರಾದೆವು ಎಂಬ ಹಿರಿಯರ ವಾದ ಎಷ್ಟೇ ಚೆನ್ನಾಗಿ ಕೇಳಿಸಿದರೂ. ಅಂಥ ವಾದದಲ್ಲಿ ಏಟು ತಿಂದು ಶಾಲೆ ಬಿಟ್ಟವರ, ಊರು ಬಿಟ್ಟು ಓಡಿಹೋದವರ ಸಾಕ್ಷ್ಯ ಸೇರಿರುವುದಿಲ್ಲ.

ಕೋಲು ಬಿಟ್ಟ ಕೈ ಹಿಡಿದದ್ದು ವೇಳಾಪಟ್ಟಿಯನ್ನು. ಹಳೆಯ ಪಾಲನೆಯಲ್ಲಿ ಮಗು ತಪ್ಪು ಮಾಡಿದಾಗ ಮಾತ್ರ ದೊಡ್ಡವರ ಕಣ್ಣಿಗೆ ಬೀಳುತ್ತಿತ್ತು. ಉಳಿದ ಹೊತ್ತು ಅದು ಕೆರೆಯ ಬದಿಯಲ್ಲೋ, ಹುಣಸೆ ಮರದ ಕೆಳಗೋ, ತನ್ನ ಓರಗೆಯವರ ನಡುವೆ ಇರುತ್ತಿತ್ತು. ಹೊಸ ಪಾಲನೆಯಲ್ಲಿ ಮಗು ಕಣ್ಣಿಗೆ ಬೀಳದ ಹೊತ್ತೇ ಇಲ್ಲ. ಶಾಲಾ ಬಸ್ಸು ಎಲ್ಲಿದೆ ಎಂದು ಫೋನಿನಲ್ಲಿ ನೋಡಬಹುದು, ಡೇ ಕೇರ್‌ನ ಕ್ಯಾಮೆರಾದಲ್ಲಿ ಮಗು ಉಂಡಿತೇ ಎಂದು ಕಚೇರಿಯಿಂದಲೇ ಗಮನಿಸಬಹುದು, ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇರೆ ಮಕ್ಕಳ ಹೋಮ್‌ವರ್ಕ್ ಎಲ್ಲಿಗೆ ಬಂತು ಎಂದು ತಿಳಿಯಬಹುದು. ಸಂಜೆಯ ಆಟಕ್ಕೂ ಶುಲ್ಕ, ಸಮವಸ್ತ್ರ, ತರಬೇತುದಾರ. ಇದರಲ್ಲಿ ಪಾಲಕರ ಹುಚ್ಚು ಎಷ್ಟಿದೆಯೋ ನಗರದ ಪಾಲೂ ಅಷ್ಟೇ ಇದೆ: ಕಾಲುದಾರಿಯಿಲ್ಲದ ರಸ್ತೆ, ಕಟ್ಟಡವಾಗಿಹೋದ ಆಟದ ಬಯಲು, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ಅಪಾರ್ಟ್‌ಮೆಂಟು. ಹೀಗಿರುವ ಊರಿನಲ್ಲಿ ಮಗುವನ್ನು ಬೀದಿಗೆ ಬಿಡುವುದಿಲ್ಲ ಎಂದು ತಾಯಿಯನ್ನು ದೂರಿ ಫಲವಿಲ್ಲ.

ಈ ನಿಗಾದ ಗುರಿ ಮಾತ್ರ ಸುರಕ್ಷತೆಯೊಂದೇ ಅಲ್ಲ, ಅಂಕವೂ ಹೌದು. ಜಮೀನು ಬರೆದಿಡುವ ತಂದೆಗೆ ಮಗ ವಿಧೇಯನಾಗಿದ್ದರೆ ಸಾಕಿತ್ತು, ಏಕೆಂದರೆ ಬದುಕಿನ ದಾರಿಯನ್ನು ಅವನೇ ಕೊಡುತ್ತಿದ್ದ. ಪ್ರವೇಶ ಪರೀಕ್ಷೆಯ ಮೂಲಕ ಬದುಕು ಸಿಗುವ ಮಧ್ಯಮವರ್ಗದಲ್ಲಿ ತಂದೆ ಬರೆದಿಡಬಹುದಾದದ್ದು ತಯಾರಿ ಒಂದನ್ನೇ. ಆದ್ದರಿಂದ ಅಂಕದ ಬಗೆಗಿನ ಆತಂಕವನ್ನು ದುರಾಸೆ ಎಂದು ತಳ್ಳಿಹಾಕುವುದು ತಪ್ಪು. ಅದು ಆಸ್ತಿ ಹಸ್ತಾಂತರದ ಹೊಸ ರೂಪ. 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಶಿಕ್ಷಣ ಕುರಿತ ಸುತ್ತಿನ ಪ್ರಕಾರ ದೇಶದ ಶಾಲಾ ಮಕ್ಕಳಲ್ಲಿ ಶೇ. 27ರಷ್ಟು ಮಂದಿ ಖಾಸಗಿ ಕೋಚಿಂಗ್ ಅಥವಾ ಟ್ಯೂಷನ್ ಪಡೆಯುತ್ತಿದ್ದಾರೆ, ಗ್ರಾಮೀಣ ಭಾಗದಲ್ಲೂ ಈ ಪ್ರಮಾಣ ಶೇ. 25ಕ್ಕಿಂತ ಕಡಿಮೆಯಿಲ್ಲ. ನಮ್ಮಲ್ಲಿ ಮಂಗಳೂರು, ಮೂಡುಬಿದಿರೆ ಕಡೆಯ ವಸತಿ ಪಿಯು ಕಾಲೇಜುಗಳಿಗೆ ಬಯಲುಸೀಮೆಯ, ಉತ್ತರ ಕರ್ನಾಟಕದ ಊರುಗಳಿಂದ ಮಕ್ಕಳನ್ನು ಕಳಿಸುವ ಪಾಲಕರಲ್ಲಿ ಜಮೀನು ಮಾರಿದವರೂ, ಸಾಲ ಮಾಡಿದವರೂ ಇದ್ದಾರೆ. ಹದಿನಾರು ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದರೂ, ಎಂಟನೇ ತರಗತಿಯಿಂದಲೇ ಫೌಂಡೇಶನ್ ಎಂಬ ಹೆಸರಿನಲ್ಲಿ ಅದೇ ಪಾಠ ನಡೆಯುವುದನ್ನು ಜಾಹೀರಾತು ಫಲಕಗಳೇ ಸಾರುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು. ಎಲ್ಲವನ್ನೂ ಪರೀಕ್ಷೆಯ ತಲೆಗೆ ಕಟ್ಟಲಾಗದು. ಆದರೆ ಒಂದೇ ಏಟನ್ನೂ ಕಾಣದೆ ಬೆಳೆದ ಮಗುವಿಗೆ ಮನೆಯ ಫಲಿತಾಂಶದ ನಿರೀಕ್ಷೆ ಎಷ್ಟು ಭಾರವಾಗಬಹುದು ಎಂಬುದನ್ನು ಕೇಳಿಕೊಳ್ಳದೆ, ನಾವು ಮಕ್ಕಳೊಡನೆ ಸ್ನೇಹಿತರಂತಿದ್ದೇವೆ ಎಂದು ಹೇಳಿಕೊಳ್ಳುವುದು ಅರೆಸತ್ಯ.

ಅಧಿಕಾರ ಸರಿದ ಇನ್ನೊಂದು ದಾರಿ ತಿಳಿವಳಿಕೆಯದು, ಮತ್ತು ಇಲ್ಲಿ ಜಗಳ ತೊಟ್ಟಿಲಿನ ಸುತ್ತಲೇ ನಡೆಯುತ್ತದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾಗಿ, 2018ರಲ್ಲಿ ಪದ್ಮಶ್ರೀ ಪಡೆದರು; ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಅವರಂಥವರ ಕೈಯಲ್ಲಿ ಹುಟ್ಟಿದ ನಾಡಿನಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ ಎಂದು 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೆರಿಗೆ ಆಸ್ಪತ್ರೆಗೆ ಹೋದರೂ ಬಾಣಂತನ ಮನೆಯಲ್ಲೇ ಉಳಿಯಿತು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಮುಟ್ಟಿಸಬೇಕೆಂಬ ಅಜ್ಜಿಗೂ, ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ನೀರನ್ನೂ ಕೊಡಬೇಡಿ ಎನ್ನುವ ಮಕ್ಕಳ ವೈದ್ಯರಿಗೂ ನಡುವೆ ಬಾಣಂತಿ ಸಿಲುಕುತ್ತಾಳೆ. ಜೇನಿನ ವಿಷಯದಲ್ಲಿ, ಗಿಣ್ಣು ಹಾಲನ್ನು ಹಿಂಡಿ ಚೆಲ್ಲುವ ಹಳೆಯ ರೂಢಿಯ ವಿಷಯದಲ್ಲಿ, ಕಿವಿ ಮೂಗಿಗೆ ಎಣ್ಣೆ ಬಿಡುವ ವಿಷಯದಲ್ಲಿ ವೈದ್ಯರ ಮಾತೇ ಸರಿ, ಇದರಲ್ಲಿ ಸಂಕೋಚಪಡಬೇಕಾದದ್ದಿಲ್ಲ. ಆದರೆ ಎಳೆಗೂಸನ್ನು ಎದೆಗೆ ಆನಿಸಿಕೊಂಡು ಬೆಚ್ಚಗಿಡುವುದು, ಹಗುರ ಕೈಯಲ್ಲಿ ಎಣ್ಣೆ ತಿಕ್ಕುವುದು, ಆರು ತಿಂಗಳ ನಂತರ ಮೊಳಕೆ ಬರಿಸಿದ ರಾಗಿಯ ಸರಿ ತಿನ್ನಿಸುವುದು, ಬಾಣಂತಿಗೆ ಒಂದು ತಿಂಗಳಾದರೂ ಬೇರೆ ಕೆಲಸ ಹೇಳದೆ ಇರುವುದು, ಇವನ್ನೆಲ್ಲ ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ.

ತೊಂದರೆ ಬಂದಿರುವುದು ಮೂರನೆಯ ಗುರುವಿನಿಂದ. ಅಜ್ಜಿ ತಪ್ಪು ಹೇಳಿದರೂ ಒಂದೇ ಮಾತು ಹೇಳುತ್ತಿದ್ದಳು. ಇನ್‌ಸ್ಟಾಗ್ರಾಮಿನ ರೀಲುಗಳು ಒಂದು ಗಂಟೆಯಲ್ಲಿ ಹತ್ತು ಮಾತು ಹೇಳಿ, ಮಗು ಅತ್ತರೆ ಎತ್ತಿಕೊಳ್ಳದಿದ್ದರೆ ಅದರ ಮನಸ್ಸು ಒಡೆಯುತ್ತದೆ ಎಂದೂ, ಎತ್ತಿಕೊಂಡರೆ ಅದು ನಿದ್ದೆ ಕಲಿಯುವುದಿಲ್ಲ ಎಂದೂ ಒಟ್ಟಿಗೇ ಹೆದರಿಸುತ್ತವೆ. ಜೆಂಟಲ್ ಪೇರೆಂಟಿಂಗ್ ಎಂದು ಈಗ ಪ್ರಚಾರದಲ್ಲಿರುವ ವಿಧಾನ ಮಗುವಿನ ಭಾವನೆಯನ್ನು ಗೌರವಿಸಬೇಕೆಂದು ಹೇಳುವುದು ಒಳ್ಳೆಯದೇ. ಆದರೆ ಅದನ್ನು ಪಾಲಿಸಲು ಬೇಕಾದ ಬಿಡುವು ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಸಿಲುಕಿ ಮನೆಗೆ ಬರುವ ತಾಯಿಗೆ ಎಲ್ಲಿಂದ ಬರಬೇಕೆಂದು ಯಾವ ರೀಲೂ ಹೇಳುವುದಿಲ್ಲ. ಕೊನೆಗೆ ಊಟ ಮಾಡಿಸಲು ಮಗುವಿನ ಕೈಗೆ ಫೋನು ಹೋಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆ ಪ್ರತ್ಯೇಕ ಚಿಕಿತ್ಸಾಲಯ ತೆರೆದಿತ್ತು. ಸಲಹೆ ಎಲ್ಲರಿಗೂ ಗೊತ್ತು. ಫೋನಿನ ಜಾಗದಲ್ಲಿ ಕತೆ ಹೇಳುತ್ತ ತುತ್ತು ಕೊಡುವ ಇನ್ನೊಂದು ಕೈ ಆ ಮನೆಯಲ್ಲಿ ಇಲ್ಲ.

ಇಷ್ಟು ಹೊತ್ತು ಹೇಳಿದ್ದು ಬಹುಮಟ್ಟಿಗೆ ಸಂಬಳದ ಮನೆಗಳ ಕತೆ. ಭಾರತದ ಬಹುಪಾಲು ತಾಯಂದಿರಿಗೆ 26 ವಾರಗಳ ರಜೆ ಇಲ್ಲ, ಏಕೆಂದರೆ ಅವರು ಸಂಘಟಿತ ವಲಯದಲ್ಲಿಲ್ಲ. ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕೆಂಬ ಮಾತು 1948ರ ಕಾರ್ಖಾನೆ ಕಾಯ್ದೆಯಷ್ಟು ಹಳೆಯದಾದರೂ, ಬೆಂಗಳೂರು ಸುತ್ತಮುತ್ತಲ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳು ಕೂಸನ್ನು ಊರಿನಲ್ಲಿ ತಮ್ಮ ತಾಯಿಯ ಬಳಿ ಬಿಟ್ಟು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಾರೆ. ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಗುಳೆ ಬಂದವರ ಮಕ್ಕಳು ಮರಳಿನ ರಾಶಿಯ ಮೇಲೆ, ಅಕ್ಕನ ಕಣ್ಗಾವಲಿನಲ್ಲಿ ಬೆಳೆಯುತ್ತಾರೆ. ಅವರ ಪಾಲಿಗೆ ಪಾಲನೆಯ ಪದ್ಧತಿ ಎರಡು ತಲೆಮಾರಿನಲ್ಲಿ ಹೆಚ್ಚೇನೂ ಬದಲಾಗಿಲ್ಲ, ಸುತ್ತಲಿದ್ದ ಬೀದಿಯೊಂದು ಮಾತ್ರ ಇಲ್ಲವಾಗಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಆಯ್ಕೆಯಾಗಿತ್ತು. ಅಂದಿನಿಂದ ಹರಡಿದ ಅಂಗನವಾಡಿ ಜಾಲವೇ ಬಡವರ ಮಕ್ಕಳ ಪಾಲನೆಯಲ್ಲಿ ಆದ ನಿಜವಾದ ದೊಡ್ಡ ಬದಲಾವಣೆ. ಆದರೆ ಅದು ಮುಖ್ಯವಾಗಿ ಮೂರು ವರ್ಷ ತುಂಬಿದವರಿಗೆ, ಅದೂ ಮಧ್ಯಾಹ್ನದ ನಂತರದ ಕೆಲಸದ ಹೊತ್ತಿಗೆ ಸಾಲದಷ್ಟು ಸಮಯ. ಅದಕ್ಕಿಂತ ಎಳೆಯರಿಗಾಗಿ ಗ್ರಾಮ ಪಂಚಾಯಿತಿಗಳ ಮೂಲಕ ಇತ್ತೀಚೆಗೆ ತೆರೆದ ಕೂಸಿನ ಮನೆಗಳು ಸರಿಯಾದ ದಿಕ್ಕಿನ ಹೆಜ್ಜೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರ ಕೂಲಿ ಮತ್ತು ತರಬೇತಿಯ ಮೇಲೆ ಅವುಗಳ ಭವಿಷ್ಯ ನಿಂತಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಬದಲಾವಣೆ ಗಟ್ಟಿಯಾಗಿಯೇ ಕಾಣುತ್ತದೆ. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತನ್ನ ತಿದ್ದುಪಡಿಯ ಮೂಲಕ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು, ದೇಶ ಆ ಹೆಜ್ಜೆಯನ್ನು 2005ರಲ್ಲಿ ಇಟ್ಟಿತು. ಆಸ್ತಿಯಲ್ಲಿ ಪಾಲು ಕೇಳುವ ಮಗಳನ್ನು ಈಗಲೂ ಮನೆಗಳು ಮುನಿಸಿನಿಂದಲೇ ಕಾಣುತ್ತವೆ. ಓದಿನಲ್ಲಿ ಮಾತ್ರ ಅವಳಿಗೆ ಸಿಕ್ಕ ಪಾಲನ್ನು ಯಾರೂ ಹಿಂದಕ್ಕೆ ಕೇಳುತ್ತಿಲ್ಲ. ಅಡುಗೆ ಕಲಿ, ನಾಳೆ ಗಂಡನ ಮನೆಗೆ ಹೋಗುವವಳು ಎನ್ನುತ್ತಿದ್ದ ತಾಯಿಯೇ ಈಗ ಪರೀಕ್ಷೆ ಮುಗಿಯುವವರೆಗೆ ಅಡುಗೆಮನೆ ಕಡೆ ಬರಬೇಡ ಎನ್ನುತ್ತಾಳೆ. ಮಗನಿಗೆ ಅಡುಗೆಮನೆ ಕಡೆ ಬಾ ಎನ್ನುವುದನ್ನು ಇನ್ನೂ ಕಲಿಯಬೇಕಾಗಿದೆ.

ಕಾಲ್ಡ್‌ವೆಲ್ ಹೇಳಿದ ಸಂಪತ್ತಿನ ಹರಿವು ಪೂರ್ತಿ ತಿರುಗಿತೇ? ಪಶ್ಚಿಮದ ದೇಶಗಳಲ್ಲಿ ಆದಂತೆ ಇಲ್ಲಿ ಅದು ಒಂದೇ ದಿಕ್ಕಿಗೆ ಹರಿಯುತ್ತಿಲ್ಲ ಎಂಬುದೇ ಭಾರತೀಯ ಕುಟುಂಬದ ವಿಶೇಷ. ತಂದೆತಾಯಿಯನ್ನು ನೋಡಿಕೊಳ್ಳುವುದನ್ನು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಕಾನೂನಿನ ಹೊಣೆಯಾಗಿ ಗಟ್ಟಿಗೊಳಿಸಿತು. ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡು ಕೈಬಿಟ್ಟ ಮಕ್ಕಳಿಂದ ಆಸ್ತಿಯನ್ನು ಹಿಂದಕ್ಕೆ ಪಡೆಯಲು ಅದರ 23ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಹಿಂದೆ ಬಾಲ್ಯದಿಂದಲೇ ಮೈಗೂಡಿಸುತ್ತಿದ್ದ ಒಂದು ನಡೆಯನ್ನು ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯಬೇಕಾಗಿದೆ. ಇಂದು ನಲವತ್ತರ ಆಸುಪಾಸಿನಲ್ಲಿರುವವರು ಮೇಲೂ ಕೆಳಗೂ ಎರಡೂ ಕಡೆ ಕೊಡುತ್ತಿರುವ ತಲೆಮಾರಿನವರು: ಅಪ್ಪನ ಆಸ್ಪತ್ರೆ ಬಿಲ್ಲು ಒಂದು ಕಡೆ, ಮಗನ ಕಾಲೇಜು ಶುಲ್ಕ ಇನ್ನೊಂದು ಕಡೆ. ತಮ್ಮ ಮುಪ್ಪಿನಲ್ಲಿ ಮಕ್ಕಳಿಗೆ ಹೊರೆಯಾಗುವುದಿಲ್ಲ ಎಂದು ಇವರಲ್ಲಿ ಅನೇಕರು ಈಗಲೇ ಘೋಷಿಸುತ್ತಾರೆ. ಆದರೆ ಪಿಂಚಣಿಗೆ ತೆಗೆದಿಡಬೇಕಾದ ಹಣವನ್ನು ಮಗುವಿನ ಕೋಚಿಂಗಿಗೆ ಸುರಿಯುತ್ತಿರುವವರೂ ಇವರೇ, ಆ ಘೋಷಣೆಗೆ ಲೆಕ್ಕದ ಬೆಂಬಲವಿಲ್ಲ.

ಹಿರಿಯರ ದುಡಿಮೆಯೂ ನಿಂತಿಲ್ಲ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಗಳ ಬಾಣಂತನಕ್ಕೆಂದು ಮೆಣಸಿನಪುಡಿ, ಅಂಟಿನುಂಡೆ ಕಟ್ಟಿಕೊಂಡು ವಿಮಾನ ಹತ್ತುವ ಕನ್ನಡದ ತಾಯಂದಿರಿಗೆ ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವುದು ಆರು ತಿಂಗಳ ಅವಧಿ. ಅದು ಮುಗಿಯುವ ಹೊತ್ತಿಗೆ ಬೀಗರು ಹೊರಡುವಂತೆ ಮೊದಲೇ ಟಿಕೆಟ್ಟು ಹೊಂದಿಸಿರುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಉದ್ಯಾನಗಳಲ್ಲಿ ಸಂಜೆ ಮೊಮ್ಮಕ್ಕಳ ಹಿಂದೆ ನಡೆಯುವ ಅಜ್ಜ-ಅಜ್ಜಿಯರಲ್ಲಿ ಬಹಳಷ್ಟು ಮಂದಿ ಊರಿನ ಮನೆಗೆ ಬೀಗ ಹಾಕಿ ಬಂದವರು. ಹಳೆಯ ವ್ಯವಸ್ಥೆಯಲ್ಲಿ ಮಗುವನ್ನು ನೋಡಿಕೊಳ್ಳುವುದರ ಜೊತೆಗೆ ಅಜ್ಜಿಗೆ ತೀರ್ಮಾನಿಸುವ ಅಧಿಕಾರವೂ ಇತ್ತು. ಈಗ ಏನು ತಿನ್ನಿಸಬೇಕು, ಎಷ್ಟು ಹೊತ್ತು ಮಲಗಿಸಬೇಕು, ಟಿವಿ ಯಾವಾಗ ಆರಿಸಬೇಕು ಎಂಬ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿರುತ್ತದೆ, ಅದನ್ನು ಬರೆದವಳು ಸೊಸೆ ಅಥವಾ ಮಗಳು, ಜಾರಿಗೆ ತರುವವಳು ಅಜ್ಜಿ. ಹೊಸ ಪಾಲನೆಯ ನಿಯಮಗಳೆಲ್ಲ ನಗರದಲ್ಲಿ ಇಂದು ನಡೆಯುತ್ತಿರುವುದು, ಆ ನಿಯಮಗಳನ್ನು ನಂಬದ ಒಂದು ತಲೆಮಾರಿನ ಸಂಬಳವಿಲ್ಲದ ಕೆಲಸದ ಮೇಲೆ. ಹತ್ತು ಹದಿನೈದು ವರ್ಷಗಳಲ್ಲಿ ಆ ಜಾಗಕ್ಕೆ ಬರಬೇಕಾದವರು ತಾವೇ ಅರವತ್ತರವರೆಗೂ ಕಚೇರಿಯಲ್ಲಿ ದುಡಿಯುವ ಇಂದಿನ ತಾಯಂದಿರು.